ಎಡೆಗೆ ಇಟ್ಟ ಸಾಹೇಬರ ಬಾಟ್ಲಿ

ನಮ್ಮ ರೂಪೇಶನ ತಲೆ ಆಡುವಷ್ಟು ಸಲೀಸಾಗಿ ಶಿವಮೊಗ್ಗದಲ್ಲಿ ಬೇರೆ ಯಾವುದೂ ಆಡುವುದಿಲ್ಲ. ಯಾರು ಏನು ಹೇಳಿದರೂ ತಲೆಯಾಡಿಸುತ್ತಾನೆ. ಹೇಳಿದ್ದು ಕಿವಿಗೆ ಬಿದ್ದಿರಬೇಕೆಂಬ ನಿಯಮವೇನೂ ಅವನಿಗಿಲ್ಲ. ಸವಳಂಗ ರಸ್ತೆಯ ನಮ್ಮ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಅವನ ಪಕ್ಕದ ಟೇಬಲ್ಲಿನಲ್ಲಿ ಕೂತು ನೋಡಿದವನು ನಾನು, ಆದ್ದರಿಂದ ಗಟ್ಟಿಯಾಗಿಯೇ ಹೇಳುತ್ತೇನೆ. ಒಮ್ಮೆ ರಕ್ತದಾನ ಶಿಬಿರದವರು ಬಂದು ಏನೋ ಕೇಳಿದರು, ಇವನು ತಲೆಯಾಡಿಸಿದ, ಹತ್ತು ನಿಮಿಷದಲ್ಲಿ ಮಂಚದ ಮೇಲೆ ಮಲಗಿದ್ದ. ಸೂಜಿ ಕಣ್ಣಿಗೆ ಬಿದ್ದ ಮೇಲೆಯೇ ಅವನಿಗೆ ವಿಷಯ ತಿಳಿದದ್ದು. ಇಂಥ ತಲೆಯ ಮುಂದೆ ನಮ್ಮ ಸಾಹೇಬರು ಒಂದು ದಿನ ವಿಸ್ಕಿಯ ಬಗ್ಗೆ ಮಾತಾಡಿದರು. ಆಗಬಾರದ್ದೆಲ್ಲ ಆದದ್ದು ಅಲ್ಲಿಂದ.

ಸಾಹೇಬರ ಹೆಸರು ವೀರೇಂದ್ರ. ಕಚೇರಿಯಲ್ಲಿ ರೂಪೇಶನಿಗೆ ಮೇಲಧಿಕಾರಿ, ವಿದ್ಯಾನಗರದಲ್ಲಿ ಪಕ್ಕದ ಮನೆಯವರು. ಎರಡು ಮನೆಯ ನಡುವೆ ಎದೆಮಟ್ಟದ ಕಾಂಪೌಂಡು ಗೋಡೆ. ಸಾಹೇಬರ ತಂದೆ ಶಿವಯೋಗಪ್ಪನವರು ನಿವೃತ್ತ ಹೆಡ್‌ಮಾಸ್ತರರು. ಬೆಳಗ್ಗೆ ಸಂಜೆ ಲಿಂಗಪೂಜೆ ತಪ್ಪಿಸಿದವರಲ್ಲ. ಪೂಜೆ ಮುಗಿದ ಮೇಲೆ ಮನೆಯ ಕಪಾಟುಗಳನ್ನೆಲ್ಲ ಒಂದು ಸುತ್ತು ತೆಗೆದು ನೋಡುವುದನ್ನೂ ತಪ್ಪಿಸಿದವರಲ್ಲ. ಆ ಬೀದಿಯಲ್ಲಿ ಮೊಟ್ಟೆ ಹುರಿಯುವವರು ಕೂಡ ಮೊದಲು ಕಿಟಕಿ ಹಾಕಿಕೊಳ್ಳುತ್ತಿದ್ದರು. ತಮ್ಮ ಮಗ ಟೀಯನ್ನೂ ಅರ್ಧ ಲೋಟವೇ ಕುಡಿಯುವವನೆಂದು ಅವರು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಈ ಅರ್ಧ ಲೋಟದ ಸಾಹೇಬರು ಸಿಂಗಲ್ ಮಾಲ್ಟ್ ಎಂಬ ದುಬಾರಿ ವಿಸ್ಕಿ ಒಂದು ಬಾಟ್ಲಿ ತರಿಸಿದರು. ಕಾಲೇಜಿನ ಗೆಳೆಯರೆಲ್ಲ ಇಪ್ಪತ್ತೈದು ವರ್ಷದ ಮೇಲೆ ಭದ್ರಾ ಡ್ಯಾಮಿನ ಹತ್ತಿರ ಸೇರುವವರಿದ್ದರು, ಅದಕ್ಕೆ. ತಂದದ್ದೇನೋ ಸರಿ, ಇಡುವುದೆಲ್ಲಿ? ಮನೆಯಲ್ಲಿ ತಂದೆಯ ತಪಾಸಣೆ. ಕಚೇರಿಯಲ್ಲಿ ನಾವು. ಹಾಗಾಗಿ ರೂಪೇಶನನ್ನು ಕಾರಿನ ಹತ್ತಿರ ಕರೆದು, ಟವೆಲಿನಲ್ಲಿ ಸುತ್ತಿದ ಬಾಟ್ಲಿ ಅವನ ಕೈಗಿಟ್ಟು, ಮುಂದಿನ ಶನಿವಾರದ ತನಕ ಮಗುವಿನ ಹಾಗೆ ನೋಡಿಕೋ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪ್ರೀತಿ ತಡೆಯಲಾರದೆ ಅದರ ಹುಟ್ಟು ಬೆಳವಣಿಗೆ ಎಲ್ಲ ಹೇಳಿದರು.

ಸ್ಕಾಟ್ಲೆಂಡಿನ ಜೌಗು ನೆಲದಲ್ಲಿ ಪೀಟ್ ಎಂಬ ಕರಿಮಣ್ಣು ಸಿಗುತ್ತದಂತೆ. ಸಾವಿರಾರು ವರ್ಷದ ಹುಲ್ಲು, ಪಾಚಿ ಕೊಳೆತು ಆದ ಮಣ್ಣು. ಅದನ್ನು ಇಟ್ಟಿಗೆಯ ಹಾಗೆ ಕುಯ್ದು, ಒಣಗಿಸಿ, ಉರಿಹಾಕಿ, ಆ ಹೊಗೆಯಲ್ಲಿ ಬಾರ್ಲಿ ಕಾಳನ್ನು ಒಣಗಿಸುತ್ತಾರಂತೆ. ಅದಕ್ಕೇ ಆ ವಿಸ್ಕಿಗೆ ಹೊಗೆಯ ವಾಸನೆ, ಜೊತೆಗೆ ಆಸ್ಪತ್ರೆಯ ಟಿಂಚರಿನ ವಾಸನೆ. ಹತ್ತು ವರ್ಷ ಒಂದು ಪೀಪಾಯಿಯಲ್ಲಿ ಇಟ್ಟು, ಕೊನೆಯ ಎರಡು ವರ್ಷ ಸಿಹಿ ವೈನ್ ತುಂಬಿಟ್ಟಿದ್ದ ಹಳೇ ಪೀಪಾಯಿಗೆ ಅದರ ವರ್ಗಾವಣೆಯಂತೆ. ಹೊಗೆಯ ಹಿಂದೆ ಒಣದ್ರಾಕ್ಷಿಯ ಘಮ ಬರುವುದು ಅಲ್ಲಿಂದ. ರೂಪೇಶ ಉದ್ದಕ್ಕೂ ತಲೆಯಾಡಿಸಿದ. ಇಷ್ಟರಲ್ಲಿ ಅವನ ಕಿವಿಗೆ ಬಿದ್ದದ್ದು ವರ್ಗಾವಣೆ ಅನ್ನುವುದೊಂದೇ.

ಏಕೆಂದರೆ ಆ ವಾರ ವರ್ಗಾವಣೆಯ ಪಟ್ಟಿ ಬಂದಿತ್ತು. ಅದರಲ್ಲಿ ರೂಪೇಶನ ಹೆಸರಿನ ಮುಂದೆ ಬೀದರ್ ಜಿಲ್ಲೆ ಎಂದಿತ್ತು. ಈ ನೌಕರ ಇಲ್ಲಿಗೇ ಅಗತ್ಯ ಎಂದು ವೀರೇಂದ್ರ ಸಾಹೇಬರು ಸೋಮವಾರದೊಳಗೆ ಬರೆದು ಸಹಿ ಹಾಕಿದರೆ ಹೆಸರು ಕೈಬಿಡುತ್ತಿದ್ದರು. ರೂಪೇಶನ ತಾಯಿ ಪುಷ್ಪಮ್ಮನಿಗೆ ಎಪ್ಪತ್ತೆರಡು. ಗಂಡನ ಬೂದಿಯನ್ನು ಭದ್ರಾ ನದಿಗೆ ಬಿಟ್ಟ ಮೇಲೆ ಆಕೆ ಜಿಲ್ಲೆ ದಾಟಿಲ್ಲ, ದಾಟುವುದಿಲ್ಲ ಎಂದು ಶಪಥ ಮಾಡಿದವರು. ಮಗ ಬೀದರಿಗೆ ಹೋದರೆ ಅವರು ಬರುವುದಿಲ್ಲ. ಅವರನ್ನು ಬಿಟ್ಟು ಹೋಗಲು ಇವನಿಗೆ ಆಗುವುದಿಲ್ಲ. ಒಂದು ವಾರದಿಂದ ಪಾಪದವನು ಊಟವನ್ನೂ ಸರಿಯಾಗಿ ಮಾಡಿರಲಿಲ್ಲ.

ಸೋಮವಾರದ ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ರೂಪೇಶನ ಮನೆಯಲ್ಲಿ ಅಂದು ತೀರಿಹೋದ ಅಪ್ಪ ಭೈರಪ್ಪನವರಿಗೆ ಎಡೆ. ನನಗೆ ಪ್ರತಿ ವರ್ಷವೂ ಅಲ್ಲಿಯೇ ಊಟ. ಭೈರಪ್ಪನವರು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು, ಕಾಗದನಗರದ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಬಾಳಿದವರು. ಅವರ ಫೋಟೋದ ಮುಂದೆ ಬಾಳೆಲೆ ಹಾಕಿ, ಅವರು ಇಷ್ಟಪಡುತ್ತಿದ್ದ ಮಟನ್ ಸಾರು, ಮುದ್ದೆ, ಕಜ್ಜಾಯ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಕುಡಿಯುತ್ತಿದ್ದ ಪಾನೀಯ ಎಲ್ಲ ಇಡುತ್ತಾರೆ. ಆಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಂಡು ಕಾಲು ಗಂಟೆ ನಿಲ್ಲುತ್ತಾರೆ. ಹಿರಿಯರು ಬಂದು ನೆಮ್ಮದಿಯಾಗಿ ಉಣ್ಣಬೇಕಲ್ಲ, ಅದಕ್ಕೆ. ಬಾಗಿಲು ತೆಗೆದ ಮೇಲೆಯೇ ಊದುಬತ್ತಿ, ಆಮೇಲೆ ಬದುಕಿರುವವರ ಊಟ.

ಕುಡಿಯುವುದನ್ನು ತರುವ ಕೆಲಸ ಪ್ರತಿ ವರ್ಷ ಅಳಿಯನದು. ಅಳಿಯನೆಂದರೆ ರೂಪೇಶನ ತಂಗಿ ವಿದ್ಯಾಶ್ರೀಯ ಗಂಡ ದುಶ್ಯಂತ್. ಈಗಲೂ ಕಾಗದನಗರದಲ್ಲೇ ಇದ್ದಾನೆ. ಭೂಮಿಯ ಮೇಲೆ ತನ್ನಷ್ಟು ಕರ್ತವ್ಯನಿಷ್ಠ ಅಳಿಯ ಇಲ್ಲವೆಂಬುದು ಅವನ ತಿಳಿವಳಿಕೆ. ಈ ಸಲವೂ ಒಂದು ಕ್ವಾರ್ಟರ್ ಬಾಟ್ಲಿ ಎಲೆಯ ಪಕ್ಕ ಇಟ್ಟು, ಮಗ ಮಾಡಬೇಕಾದ್ದನ್ನು ಅಳಿಯ ಮಾಡುತ್ತಿದ್ದೇನೆ, ಮಾವನವರ ಆತ್ಮ ಎಲ್ಲ ನೋಡುತ್ತಿರುತ್ತದೆ ಎಂದು ನನ್ನ ಕಡೆ ತಿರುಗಿ ಹೇಳಿದ. ರೂಪೇಶನಿಗೆ ಎಲ್ಲೋ ಚುರ್ರೆಂದಿತು. ಎದ್ದು ಒಳಗೆ ಹೋದ, ಅಲ್ಮೆರಾ ಕಿರ್ರೆಂದಿತು, ಟವೆಲಿನಿಂದ ಬಿಡಿಸಿದ ಸಾಹೇಬರ ಬಾಟ್ಲಿ ತಂದು ಅಳಿಯನ ಕ್ವಾರ್ಟರಿನ ಪಕ್ಕದಲ್ಲಿ ನಿಲ್ಲಿಸಿದ. ಅಪ್ಪನಿಗೆ ಅಂತ ತರಿಸಿದ್ದು, ಹೊರದೇಶದ್ದು ಎಂದ. ದುಶ್ಯಂತನ ಮುಖ ನೋಡುವ ಹಾಗಿತ್ತು.

ರೂಪೇಶನ ಲೆಕ್ಕಾಚಾರ ಸರಳವಾಗಿತ್ತು. ಸೀಲು ಒಡೆಯದ ಬಾಟ್ಲಿ ಇಡುವುದು, ಕಾಲು ಗಂಟೆಯ ಮೇಲೆ ತೆಗೆದು ಮತ್ತೆ ಅಲ್ಮೆರಾದಲ್ಲಿಡುವುದು. ಭೈರಪ್ಪನವರಿಗೂ ಗೌರವ, ಸಾಹೇಬರಿಗೂ ನಷ್ಟವಿಲ್ಲ. ಆದರೆ ಪುಷ್ಪಮ್ಮ ಬಾಟ್ಲಿಯನ್ನು ಎತ್ತಿ ನೋಡಿ, "ಮುಚ್ಚಳ ತೆಗೀದೆ ನಿಮ್ಮಪ್ಪ ಹೆಂಗೋ ಕುಡೀಬೇಕು?" ಎಂದರು. ಆತ್ಮಕ್ಕೆ ಮುಚ್ಚಳ ಅಡ್ಡಿಯಲ್ಲವೆಂದು ರೂಪೇಶ ಏನೇನೋ ವೇದಾಂತ ಹೇಳಿದ.

"ಹಾಗಾದ್ರೆ ಮಟನ್ನೂ ಕುಕ್ಕರ್‌ನಲ್ಲೇ ಇಡು," ಎಂದರು ಪುಷ್ಪಮ್ಮ.

ಸೀಲು ಒಡೆಯಿತು. ಎರಡು ಮುಚ್ಚಳದಷ್ಟು ಹಾಕುತ್ತೇನೆಂದು ರೂಪೇಶ ಹೊರಟರೆ, ಮಾವನವರು ತುಂಬಿದ ಲೋಟಕ್ಕಿಂತ ಕಮ್ಮಿ ಯಾವತ್ತೂ ಮುಟ್ಟಿದವರಲ್ಲ ಎಂದು ದುಶ್ಯಂತ್ ಬಾಟ್ಲಿ ಕಸಿದುಕೊಂಡು ಭೈರಪ್ಪನವರ ಸ್ಟೀಲ್ ಲೋಟದ ಕಂಠದ ತನಕ ಸುರಿದ. ಬಿಸಿ ಮಟನ್ ಸಾರಿನ ಘಮದ ಮುಂದೆ ಆಗ ಅದರ ವಾಸನೆ ಯಾರ ಮೂಗಿಗೂ ಹತ್ತಲಿಲ್ಲ. ರೂಪೇಶನ ಹೆಂಡತಿ ಮಂಜುಶ್ರೀ ಅವನ ಕೈ ಹಿಡಿದು ಎಳೆಯದಿದ್ದರೆ ಅವನು ಅಲ್ಲಿಯೇ ಕೂತುಬಿಡುತ್ತಿದ್ದ. ಎಲ್ಲರೂ ಹೊರಗೆ ಬಂದೆವು, ಬಾಗಿಲು ಎಳೆದೆವು. ಕಾಲು ಗಂಟೆಯಾದ ಮೇಲೆ ಪುಷ್ಪಮ್ಮ ಮೂರು ಸಲ ಕೆಮ್ಮಿ, ಒಳಗಿದ್ದವರಿಗೆ ಸೂಚನೆ ಕೊಟ್ಟು, ಬಾಗಿಲು ತಳ್ಳಿದರು.

ಆಗ ಆ ವಾಸನೆ ಬಂತು. ನಾನು ದೇವರಾಣೆ ಮಾಡಿ ಹೇಳುತ್ತೇನೆ, ಒಳಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದೆ. ಕಿಟಕಿ ಹಾಕಿದ್ದ ಕೋಣೆಯ ತುಂಬ ಹೊಗೆಯ ವಾಸನೆ, ಆದರೆ ಹೊಗೆ ಇಲ್ಲ. ಒದ್ದೆ ಬೂದಿ, ಸುಟ್ಟ ಮರದ ತೊಗಟೆ, ಟಿಂಚರು. ಅದರ ಹಿಂದೆ ತೆಳುವಾಗಿ ಒಣದ್ರಾಕ್ಷಿ. ಬೀಡಿ ಕಟ್ಟು ಇಟ್ಟ ಹಾಗೇ ಇತ್ತು, ಬೆಂಕಿಪೊಟ್ಟಣ ಮುಟ್ಟಿರಲಿಲ್ಲ. ಪುಷ್ಪಮ್ಮ ಹೊಸ್ತಿಲ ಮೇಲೆ ಕುಸಿದು ಕೂತರು.

"ಡ್ಯೂಟಿ ಮುಗಿಸ್ಕೊಂಡು ಬಂದಿದಾರೆ ಕಣೋ ರೂಪಿ," ಎಂದರು.

ಭೈರಪ್ಪನವರು ಬದುಕಿದ್ದಾಗ ಬಾಯ್ಲರಿನ ಮುಂದೆ ಎಂಟು ಗಂಟೆ ನಿಂತು ಮನೆಗೆ ಬರುತ್ತಿದ್ದುದು ಇದೇ ವಾಸನೆಯಲ್ಲಂತೆ. ಬಟ್ಟೆಗೆ ಹೊಗೆ, ಕೈ ಸುಟ್ಟಲ್ಲಿ ಟಿಂಚರು. ದಾರಿಯಲ್ಲಿ ಒಂದು ಲೋಟ ಏರಿಸಿದ್ದು ಹೆಂಡತಿಗೆ ತಿಳಿಯಬಾರದೆಂದು ಬಾಯಿ ತುಂಬ ಒಣದ್ರಾಕ್ಷಿ ಹಾಕಿಕೊಂಡು ಬರುತ್ತಿದ್ದರು. ಆಕೆಗೆ ಮೊದಲ ವಾರವೇ ತಿಳಿದಿತ್ತು, ಮೂವತ್ತು ವರ್ಷ ಹೇಳಿರಲಿಲ್ಲ ಅಷ್ಟೆ. ಕಾರ್ಖಾನೆ ನಿಂತುಹೋಗಿ ಎಷ್ಟೋ ಕಾಲವಾಯಿತು, ಆ ವಾಸನೆ ಈಗ ಭದ್ರಾವತಿಯಲ್ಲೂ ಎಲ್ಲೂ ಸಿಗುವುದಿಲ್ಲ. ಆಕೆ ಕೂತಲ್ಲೇ ಸೆರಗು ಬಾಯಿಗೆ ಹಿಡಿದು ಅತ್ತರು. ರೂಪೇಶನ ಕಣ್ಣೂ ತುಂಬಿತ್ತು. ಸಾಹೇಬರು ವಾಸನೆಯ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರವೂ ಅವನ ಕಿವಿಗೆ ಬಿದ್ದಿರಲಿಲ್ಲವೆಂದು ಮತ್ತೊಮ್ಮೆ ನೆನಪಿಸುತ್ತೇನೆ. ಅಪ್ಪ ಬಂದಿದ್ದಾರೆಂದೇ ಅವನೂ ನಂಬಿದ.

ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವನು ದುಶ್ಯಂತ್. ಬಿಳಿಚಿಕೊಂಡು, ಕೈಯಿಂದ ವಾಚು ಬಿಚ್ಚಿ ಎಲೆಯ ಅಂಚಿಗೆ ಇಟ್ಟು ಉದ್ದಂಡ ನಮಸ್ಕಾರ ಹಾಕಿದ. ಅದು ಭೈರಪ್ಪನವರ ವಾಚು. ತಿಥಿಯ ದಿನ ಕಾಣೆಯಾಗಿದ್ದು. ಬೇರೆ ಪಟ್ಟಿ ಹಾಕಿಸಿ, ಗೆಳೆಯನೊಬ್ಬ ಉಡುಗೊರೆ ಕೊಟ್ಟನೆಂದು ಹೆಂಡತಿಗೆ ಹೇಳಿ ಇಷ್ಟು ವರ್ಷ ಕಟ್ಟಿಕೊಂಡಿದ್ದ. ವಿದ್ಯಾಶ್ರೀ ಅವನನ್ನು ನೋಡಿದ ನೋಟಕ್ಕೆ ಆತ್ಮಗಳೇ ಹೆದರಬೇಕಿತ್ತು. ಮನೆಗೆ ಹೋದ ಮೇಲೆ ಮಾತಾಡೋಣ ಎಂದಷ್ಟೇ ಹೇಳಿದಳು.

ರೂಪೇಶನಿಗೆ ಅಷ್ಟರಲ್ಲಿ ಬಾಟ್ಲಿಯ ನೆನಪಾಯಿತು. ಮುಕ್ಕಾಲಾದರೂ ಉಳಿಯಲಿ ಎಂದು ಮೆಲ್ಲಗೆ ಮುಚ್ಚಳಕ್ಕೆ ಕೈ ಹಾಕಿದ. ಪುಷ್ಪಮ್ಮ ಕೈ ಮೇಲೆ ಒಂದು ಬಿಟ್ಟರು. ಉಣ್ಣಲು ಕೂತವರ ಮುಂದೆ ಪಾತ್ರೆ ಮುಚ್ಚುವ ಮಗ ಎಲ್ಲಾದರೂ ಇದ್ದಾನೆಯೇ ಎಂದರು. ಬಾಟ್ಲಿ ಬಾಯಿ ತೆರೆದುಕೊಂಡೇ ನಿಂತಿತು. ಪುಷ್ಪಮ್ಮ ಫೋಟೋದ ಮುಂದೆ ಕೂತು ಗಂಡನಿಗೆ ಹದಿನೈದು ವರ್ಷದ ಸಮಾಚಾರ ಹೇಳಲು ಶುರುಮಾಡಿದರು. ಮೊಣಕಾಲು ನೋವು, ಕ್ವಾರ್ಟರ್ಸಿನ ಹಿಂದಿನ ಹಲಸಿನ ಮರ ಕಡಿದದ್ದು, ಸೊಸೆ ಒಳ್ಳೆಯವಳು ಆದರೆ ಸಾರಿಗೆ ಉಪ್ಪು ಕಮ್ಮಿ. ಮಂಜುಶ್ರೀ ನನ್ನ ಮುಖ ನೋಡಿದಳು. ನಾನು ಫೋಟೋ ನೋಡಿದೆ.

ಸುದ್ದಿ ಬೀದಿಗೆ ಹೋಯಿತು. ಜನ ಚಪ್ಪಲಿ ಬಿಟ್ಟು, ಒಳಗೆ ಬಂದು, ಮೂಗು ಎಳೆದು, ಕೈಮುಗಿದು ಹೋದರು. ದುಶ್ಯಂತ್ ಫೋನು ಮಾಡಿದ್ದರಿಂದ ಒಂದೂವರೆ ಗಂಟೆಯೊಳಗೆ ಭದ್ರಾವತಿಯಿಂದ ಒಂದು ಆಟೋ ಬಂತು. ಇಳಿದವರು ಭೈರಪ್ಪನವರ ಜೊತೆ ಬಾಯ್ಲರಿನಲ್ಲಿದ್ದ ಮೂವರು ಮುದುಕರು. ಅವರಲ್ಲಿ ಹಿರಿಯ ಮುರುಗೇಶಣ್ಣ ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತ.

"ಅಣ್ಣನೇ ತಾನ್. ಮೂರನೇ ಬಾಯ್ಲರ್, ನೈಟ್ ಶಿಫ್ಟು," ಎಂದ ತನ್ನ ತಮಿಳು ಬೆರೆತ ಕನ್ನಡದಲ್ಲಿ.

ಎಡೆಗೆ ಇಟ್ಟದ್ದನ್ನು ಆಮೇಲೆ ತೀರಿಹೋದವರ ಕಡೆಯವರು ಹಂಚಿಕೊಳ್ಳಬೇಕು, ಅದು ಪದ್ಧತಿ. ಮೂವರೂ ಲೋಟದಿಂದ ಅಂಗೈಗೆ ಹಾಕಿಸಿಕೊಂಡು ತೀರ್ಥದಂತೆ ಕುಡಿದರು. ಭಕ್ತಿ ಹೆಚ್ಚಾಗಿ ಇನ್ನೊಂದು ಸಲ ಕುಡಿದರು. ಲೋಟ ಖಾಲಿಯಾಯಿತು. ಲೋಟ ಖಾಲಿಯಾದರೆ ಪುಷ್ಪಮ್ಮ ತುಂಬಿಸು ಎನ್ನುತ್ತಿದ್ದರು. ತುಂಬಿಸಿದಾಗಲೆಲ್ಲ ವಾಸನೆ ಜೋರಾಗುತ್ತಿತ್ತು. ವಾಸನೆ ಜೋರಾದಾಗಲೆಲ್ಲ ಭೈರಪ್ಪನವರು ಹತ್ತಿರ ಬಂದರೆಂದು ಎಲ್ಲರೂ ಕೈಮುಗಿಯುತ್ತಿದ್ದರು. ಎರಡಕ್ಕೂ ಇರುವ ಸಂಬಂಧ ಅಲ್ಲಿದ್ದ ಒಬ್ಬ ನರಮನುಷ್ಯನಿಗೂ ಹೊಳೆಯಲಿಲ್ಲ. ಹೊಳೆಯದವರಲ್ಲಿ ಪದವೀಧರನಾದ ನಾನೂ ಒಬ್ಬ.

ಹೊಳೆದದ್ದು ಕಾಂಪೌಂಡಿನ ಆಚೆಗಿದ್ದ ಒಂದು ಮೂಗಿಗೆ. ವೀರೇಂದ್ರ ಸಾಹೇಬರು ಗೋಡೆಯ ಹತ್ತಿರ ತುಳಸಿಗೆ ನೀರು ಹಾಕುತ್ತಿದ್ದರಂತೆ. ಚೊಂಬು ಅಲ್ಲೇ ಬಿಟ್ಟು, ಬರಿಗಾಲಲ್ಲಿ, ಪಂಚೆಯಲ್ಲೇ ರೂಪೇಶನ ಮನೆಯ ಬಾಗಿಲಿಗೆ ಬಂದು ನಿಂತರು. ಫೋಟೋದ ಮುಂದೆ ತಮ್ಮ ಬಾಟ್ಲಿ. ಅದರ ತಳದಲ್ಲಿ ಎರಡು ಬೆರಳಿನಷ್ಟು ವಿಸ್ಕಿ. ಪಕ್ಕದಲ್ಲಿ ಕಣ್ಣು ತೇಲಿಸಿಕೊಂಡು ಮೂವರು ಮುದುಕರು. ಯಾರೂ ಏನೂ ಕೇಳದಿದ್ದರೂ ರೂಪೇಶ ತಲೆಯಾಡಿಸತೊಡಗಿದ. ಅವನ ಕಣ್ಣಲ್ಲಿ ಬೀದರ್ ಜಿಲ್ಲೆ ಪೂರ್ತಿ ಕಾಣುತ್ತಿತ್ತು. ಬಾಟ್ಲಿ ಯಾರದೆಂದು ನನಗೆ ಗೊತ್ತಾದದ್ದು ಆ ಎರಡು ಮುಖ ನೋಡಿ.

ಸಾಹೇಬರು ಬೈಯಲು ಬಾಯಿ ತೆರೆಯುವ ಹೊತ್ತಿಗೆ ಅವರ ಹಿಂದೆ ಶಿವಯೋಗಪ್ಪನವರು ಬಂದು ನಿಂತಿದ್ದರು. ಪಕ್ಕದ ಮನೆಯ ಯಜಮಾನರು ಪರಲೋಕದಿಂದ ಬಂದಿದ್ದಾರೆಂದರೆ ನೋಡದಿರುವುದು ಸೌಜನ್ಯವಲ್ಲವೆಂದು ಅವರೂ ಹೊರಟಿದ್ದರು. ಮೂಗು ಎತ್ತಿ ಒಮ್ಮೆ ಉಸಿರೆಳೆದು ಮಗನ ಕಡೆ ತಿರುಗಿದರು.

"ಇದು ಏನು ವಾಸನೆ, ವೀರೇಂದ್ರ?"

ಇದು ವಿಸ್ಕಿಯ ವಾಸನೆ ಎಂದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ.

"ಬಾಯ್ಲರ್ ವಾಸನೆ, ಅಪ್ಪಾಜಿ," ಎಂದರು.

ನೀನು ಬಾಯ್ಲರ್ ಎಲ್ಲಿ ನೋಡಿದ್ದೆ ಎಂದು ಹೆಡ್‌ಮಾಸ್ತರರು ಬಿಡದೆ ಕೇಳಿದರು. ಕಾಲೇಜಿನಲ್ಲಿ ಒಂದು ಸಲ ಪ್ರವಾಸ ಕರೆದುಕೊಂಡು ಹೋಗಿದ್ದರೆಂದು ಸಾಹೇಬರು ನೆಲ ನೋಡಿಕೊಂಡು ಹೇಳಿದರು. ಶಿವಯೋಗಪ್ಪನವರ ಕಣ್ಣು ಬಾಟ್ಲಿಯ ಮೇಲೆ ಬಿತ್ತು. ಅದು ಮದ್ಯವಲ್ಲವೇ ಎಂದರು. ಹೌದು, ಅವರಿಗೆ ಇಷ್ಟವಿದ್ದದ್ದು, ನಮ್ಮ ಪದ್ಧತಿ, ಮಗ ಹೊರದೇಶದಿಂದ ತರಿಸಿದ್ದಾನೆ ಎಂದು ಪುಷ್ಪಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಶಿವಯೋಗಪ್ಪನವರು, ಪದ್ಧತಿ ಅವರವರದು, ಆದರೆ ಸತ್ತ ತಂದೆಗೆ ಇಷ್ಟು ಮಾಡುವ ಮಗ ಇವತ್ತಿನ ಕಾಲದಲ್ಲಿ ಅಪರೂಪ, ಅವನನ್ನು ನೋಡಿ ಕಲಿ ಎಂದು ಸ್ವಂತ ಮಗನಿಗೆ ಬುದ್ಧಿ ಹೇಳಿದರು. ಸಾಹೇಬರು ಗೋಡೆ ಹಿಡಿದುಕೊಂಡರು.

ಆಗ ಪುಷ್ಪಮ್ಮ ಎದ್ದು ನಿಂತರು. ಕಣ್ಣು ಒರೆಸಿಕೊಂಡು ನೇರವಾಗಿ ಸಾಹೇಬರ ಮುಂದೆ ಬಂದರು.

"ವೀರೇಂದ್ರಪ್ಪ, ಇಷ್ಟು ವರ್ಷ ಬರದವರು ಇವತ್ತು ಸುಮ್ನೆ ಬಂದಿಲ್ಲ. ಮಗನ್ನ ಬೀದರಿಗೆ ಕಳಿಸ್ತಾರೆ ಅಂತ ತಿಳಿದು ಬಂದಿದಾರೆ. ನಾನು ಇಲ್ಲಿಂದ ಏಳೋಳಲ್ಲ. ಅವನು ಹೋದ್ರೆ ನನ್ನ ಕೊನೆಗಾಲಕ್ಕೆ ನೀರು ಬಿಡೋರು ಇರಲ್ಲ. ಅವರ ಎದುರಿಗೇ ಹೇಳ್ಬಿಡಿ. ಕಳಿಸ್ತೀರಾ?"

ಸಾಹೇಬರು ಬಾಟ್ಲಿ ನೋಡಿದರು, ರೂಪೇಶನನ್ನು ನೋಡಿದರು. ಬೀದರ್ ಅಲ್ಲ, ಅದಕ್ಕಿಂತ ಆಚೆ ಎಲ್ಲಾದರೂ ಜಾಗವಿದ್ದರೆ ಅಲ್ಲಿಗೆ ಕಳಿಸುವ ಆಸೆ ಆ ಕಣ್ಣಲ್ಲಿ ಸ್ಪಷ್ಟವಾಗಿತ್ತು.

"ತೀರಿಕೊಂಡವರು ಬಂದು ಕೇಳ್ತಾ ಇದಾರೆ. ಇದರಲ್ಲಿ ಯೋಚನೆ ಏನಿದೆ?" ಎಂದರು ಶಿವಯೋಗಪ್ಪನವರು.

"ಕಳಿಸಲ್ಲಮ್ಮ," ಎಂದರು ಸಾಹೇಬರು.

ಮುರುಗೇಶಣ್ಣ ಗೊಳೋ ಎಂದು ಅತ್ತುಬಿಟ್ಟ. ಮಾತು ಕೊಟ್ಟವರಿಗೆ ಹಿರಿಯರ ಪ್ರಸಾದ ಕೊಡದೆ ಕಳಿಸುವುದುಂಟೇ ಎಂದು ಪುಷ್ಪಮ್ಮ ಬಾಟ್ಲಿಯಲ್ಲಿ ಉಳಿದದ್ದನ್ನೆಲ್ಲ ಲೋಟಕ್ಕೆ ಬಗ್ಗಿಸಿ ಎತ್ತಿಕೊಂಡು ಬಂದರು. ಶಿವಯೋಗಪ್ಪನವರು ಕೊರಳಿನ ಲಿಂಗ ಮುಟ್ಟಿಕೊಂಡು ತಮಗೆ ಬೇಡವೆಂದರು. ಮಗನಿಗೂ ಬೇಡವೆನ್ನುವವರೇ ಇದ್ದರು. ಆದರೆ ಆ ಮುದುಕಿಯ ಮುಖ ನೋಡಿ ಅವರ ಮನಸ್ಸು ಕರಗಿತು. ನೊಂದ ಜೀವ, ಒಂದು ಹನಿ ತುಟಿಗೆ ಮುಟ್ಟಿಸಿಕೋ, ಔಷಧಿಯೆಂದುಕೋ ಎಂದು ಮಗನಿಗೆ ಅಪ್ಪಣೆ ಕೊಟ್ಟರು.

ಹೀಗೆ ಹನ್ನೆರಡು ವರ್ಷದ ಆ ವಿಸ್ಕಿಯನ್ನು ಅದರ ಮಾಲೀಕರು ತಂದೆಯ ಸಮಕ್ಷಮದಲ್ಲಿ, ಬಲಗೈ ಅಂಗೈಯಲ್ಲಿ, ಬಗ್ಗಿ ನಿಂತು ಕುಡಿದರು. ಕುಡಿದ ಮೇಲೆ ಜನ್ಮದಲ್ಲಿ ಮೊದಲ ಸಲ ಕುಡಿದವರ ಹಾಗೆ ಮುಖ ಮಾಡಬೇಕಿತ್ತು. ಮಾಡಿದರು. ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ಆ ನೀರು ನಿಜದ್ದು. ಪಾಪ, ಹುಡುಗನಿಗೆ ಅಭ್ಯಾಸವಿಲ್ಲ ಎಂದು ಶಿವಯೋಗಪ್ಪನವರು ಹೆಮ್ಮೆಯಿಂದ ಅವರ ಬೆನ್ನು ತಟ್ಟಿದರು.

ಎಲ್ಲರೂ ಹೋದ ಮೇಲೆ ಸಾಹೇಬರು ಕಾಂಪೌಂಡಿನ ಹತ್ತಿರ ರೂಪೇಶನನ್ನು ಕರೆದರು. ನಾನೂ ಜೊತೆಯಲ್ಲಿದ್ದೆ. ತಂದೆಗೆ ಕೇಳದ ಹಾಗೆ, ಹಲ್ಲು ಕಚ್ಚಿಕೊಂಡು, ಅದು ವಿಸ್ಕಿಯದೇ ವಾಸನೆ ಕಣಯ್ಯ, ಕಾರಿನ ಹತ್ತಿರ ಅರ್ಧ ಗಂಟೆ ಹೇಳಿದ್ದೆನಲ್ಲ ಎಂದರು. ಪೀಟು, ಹೊಗೆ, ಸಿಹಿ ವೈನಿನ ಪೀಪಾಯಿ, ಒಣದ್ರಾಕ್ಷಿ ಎಲ್ಲವನ್ನೂ ಎರಡನೇ ಸಲ ಹೇಳಿದರು. ಈ ಸಲ ರೂಪೇಶ ತಲೆಯಾಡಿಸಲಿಲ್ಲ. ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಂಡು ಮುಖ ಸಣ್ಣದಾಯಿತು. ಅಪ್ಪ ಬಂದಿರಲಿಲ್ಲ ಎಂದಷ್ಟೇ ನನಗೆ ಹೇಳಿದ. ನನಗೂ ಏನೋ ಕಳೆದುಕೊಂಡ ಹಾಗಾಯಿತು.

ಅವ್ವನಿಗೆ ಹೇಳಬೇಡ ಮಾರಾಯ ಎಂದೆ. ಅವನು ಕೇಳಲಿಲ್ಲ. ಅಪ್ಪನ ವಿಷಯದಲ್ಲಿ ಸುಳ್ಳು ಹೇಳಿಕೊಂಡು ಸಂಬಳ ತಿನ್ನಲಾರೆ, ಬೀದರಿಗೆ ಹೋಗಬೇಕಾದರೂ ಸರಿ ಎಂದ. ಇವನಿಗೆ ಇಂಥ ಘನವಾದ ಯೋಚನೆಗಳು ಬರುವುದು ಅಪರೂಪ, ಬಂದಾಗ ಯಾರ ಮಾತೂ ನಡೆಯುವುದಿಲ್ಲ. ಪುಷ್ಪಮ್ಮ ಖಾಲಿ ಬಾಟ್ಲಿಯ ಮುಂದೆ ಎಲೆ ಎತ್ತುತ್ತಿದ್ದರು. ರೂಪೇಶ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಾಟ್ಲಿ ಸಾಹೇಬರದ್ದು, ತಾನು ಜಂಭಕ್ಕೆ ಇಟ್ಟದ್ದು, ಅಷ್ಟು ಹೊತ್ತು ಬಂದ ವಾಸನೆ ಬಾಟ್ಲಿಯದು, ಅಪ್ಪನದಲ್ಲ ಎಂದು ಒಂದೂ ಬಿಡದೆ ಹೇಳಿದ. ಹೇಳಿ ಅಳುತ್ತಾ ಕೂತ.

ಪುಷ್ಪಮ್ಮ ಬಾಟ್ಲಿಯನ್ನು ಮೂಗಿನ ಹತ್ತಿರ ಹಿಡಿದರು. ಬಹಳ ಹೊತ್ತು ಹಿಡಿದರು. ಆಮೇಲೆ ಮಗನನ್ನು ನೋಡಿದರು.

"ಇರಬಹುದು ಕಣೋ. ಆದ್ರೆ ನಿನ್ನ ತಲೆಗೆ ಇವತ್ತೇ ಆ ಬಾಟ್ಲಿ ತಂದು ಇಡೋ ಬುದ್ಧಿ ಬಂತಲ್ಲ, ಅದು ನಿಂದೇ ಅಂತೀಯಾ?"

ರೂಪೇಶ ನನ್ನ ಮುಖ ನೋಡಿದ. ಹನ್ನೊಂದು ವರ್ಷ ಅವನ ಬುದ್ಧಿಯನ್ನು ಪಕ್ಕದ ಟೇಬಲ್ಲಿನಿಂದ ನೋಡಿದವನು ನಾನು. ಅವನದು ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ.